ನಾಲೊಂಗೊನ ಕೇಳ್ಕೊಂಡು ಬನ್ನಿ

"ಇಷ್ಟು ಸಣ್ಣ ಮಾತು ತಲೆಗೆ ಹೋಗಲಿಲ್ವಾ, ಸಾಲೊಂಗೊ? ಒಂದು ವಾರ ತುರಿಕೆ ಮಾತ್ರೆ ಕೊಡ್ಬೇಡಿ ಅಂದಿದ್ದೆ!"

ದಾದಿ ರೆಸ್ತಿಯ ದನಿ ಆಸ್ಪತ್ರೆಯ ಹೊರಗಿನ ಬೆಂಚಿನವರೆಗೂ ಕೇಳಿಸಿತು. ಅಲ್ಲಿ ಕೂತಿದ್ದ ತಾಯಂದಿರು ಮಾತು ನಿಲ್ಲಿಸಿದರು.

ಅವಳೆದುರು, ಆಗಾಗ ಉಸಿರು ಕಟ್ಟುವ ಆರು ವರ್ಷದ ನಕಾತೊ ಬಲಗೈ ಚಾಚಿ ಕೂತಿದ್ದಳು. ಕೈಯ ಮೇಲೆ ಸಾಲಾಗಿ ಏಳು ಹನಿ... ಮನೆ ಧೂಳಿನ ಹುಳ, ಜಿರಳೆ, ಬೆಕ್ಕು, ಬೂಸ್ಟು, ಹೀಗೆ. ಒಂದೊಂದರ ಮೇಲೂ ಸೂಜಿಮೊನೆಯಿಂದ ಸಣ್ಣಗೆ ಚುಚ್ಚಿ ಹದಿನೈದು ನಿಮಿಷ ಕಾಯಬೇಕು. ಮಗುವಿಗೆ ಯಾವುದು ಆಗಿಬರುವುದಿಲ್ಲವೋ ಆ ಜಾಗ ಸೊಳ್ಳೆ ಕಚ್ಚಿದ ಹಾಗೆ ಉಬ್ಬುತ್ತದೆ. ಪರೀಕ್ಷೆ ಸರಿಯಿದೆಯೇ ಎಂದು ತಿಳಿಯಲು ಹಾಕುವ ಕೊನೆಯ ಹನಿಯಂತೂ ಯಾರ ಕೈಯಲ್ಲಾದರೂ ಉಬ್ಬಲೇಬೇಕು. ಅದೂ ಉಬ್ಬದಿದ್ದರೆ ಮಗು ಮಾತ್ರೆ ನುಂಗಿದೆ ಎಂದೇ ಅರ್ಥ.

ನಕಾತೊಳ ಕೈ ನುಣ್ಣಗಿತ್ತು.

"ದೇವರಾಣೆಗೂ ಕೊಟ್ಟಿಲ್ಲ, ಮುಸಾವೊ," ಎಂದ ಮಗುವಿನ ಪಕ್ಕ ನಿಂತಿದ್ದ ಸಾಲೊಂಗೊ ಮೆಲ್ಲಗೆ. ಕಂಪಾಲಾದಲ್ಲಿ ದಾದಿಯನ್ನೂ ವೈದ್ಯರನ್ನೂ ಮುಸಾವೊ ಎಂದೇ ಕರೆಯುವುದು.

"ಹಾಗಾದ್ರೆ ನನ್ನ ಸೂಜಿ ಸುಳ್ಳು ಹೇಳ್ತಿದೆಯಾ?"

ಆತ ಬಗ್ಗಿ ಮಗುವಿನ ಶೂ ದಾರ ಕಟ್ಟಿದ. ಸೋಫಾ ಮಾಡುವ ಅವನ ಬೆರಳುಗಳಲ್ಲಿ ಗೋಂದು ಒಣಗಿತ್ತು. ನಕಾತೊ, "ಅಪ್ಪಾ, ಮುಸಾವೊಗೆ ಸುಸ್ತಾಗಿದೆ ಅನ್ಸುತ್ತೆ. ಅದಕ್ಕೇ ಬೈತಾರೆ," ಎಂದಳು.

ರೆಸ್ತಿಗೆ ಕೆನ್ನೆಗೆ ಹೊಡೆದಂತಾಯಿತು!

ಹೌದು, ಸುಸ್ತಾಗಿತ್ತು. ಒಂಬತ್ತು ವರ್ಷದಿಂದ ಅದೇ ಕೋಣೆ, ಅದೇ ಸೂಜಿ, ಅದೇ ಅಳು. ಅದರ ಜೊತೆಗೆ ಎದೆಯಲ್ಲಿ ಕೂತ ಇನ್ನೊಂದು ಸುಸ್ತು... ಎರಡು ವರ್ಷ ಪ್ರೀತಿಸಿದ ಗಂಡಸಿಗೆ ಹೆಂಡತಿಯಿದ್ದಾಳೆಂದು ಆ ಹೆಂಡತಿಯೇ ಆಸ್ಪತ್ರೆಯ ಗೇಟಿನ ಹತ್ತಿರ ಬಂದು ಹೇಳಿದ್ದಳು. ಅಂದಿನಿಂದ ರೆಸ್ತಿ ಯಾರ ಮಾತನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಸೂಜಿಯನ್ನು ಮಾತ್ರ ನಂಬುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಸಾಲೊಂಗೊ ಒಬ್ಬನೇ ಬಂದ. ಕೈಯಲ್ಲಿ ಕಾಗದದ ಪೊಟ್ಟಣ.

"ಮುಸಾವೊ, ಕಳ್ಳ ಸಿಕ್ಕಿದ."

"ಯಾವ ಕಳ್ಳ?"

"ಕಳ್ಳ ಅಲ್ಲ, ಕಳ್ಳಿ. ನಮ್ಮ ಜಾಜಾ!" ಜಾಜಾ ಎಂದರೆ ಮನೆಯ ಅಜ್ಜಿ. "ನಕಾತೊಳ ಅವಳಿ ಬಬಿರ್ಯೆಗೆ ಹೋದ ವಾರ ಮೈಯೆಲ್ಲಾ ದದ್ದು. ಅಂಗಡಿಯಿಂದ ಮಾತ್ರೆ ತಂದು ಕೊಟ್ಟಿದ್ದಾಳೆ."

"ಬಬಿರ್ಯೆಗೆ ತಾನೇ?"

"ಅವಳಿಗಳಲ್ವಾ ಮುಸಾವೊ! ಒಬ್ಬಳಿಗೆ ಕೊಟ್ಟು ಇನ್ನೊಬ್ಬಳನ್ನ ಬಿಟ್ಟರೆ ಆ ಇನ್ನೊಬ್ಬಳು ಮುನಿಸ್ಕೊಂಡು ಕಾಯಿಲೆ ಬೀಳ್ತಾಳೆ ಅಂತ ನಮ್ಮೋರ ನಂಬಿಕೆ. ಅದಕ್ಕೆ ಅರ್ಧರ್ಧ ಮಾಡಿ ಗಂಜಿಗೆ ಹಾಕಿದ್ದಾಳೆ. ಕೇಳಿದ್ರೆ ಏನಂದ್ಲು ಗೊತ್ತಾ? 'ನಕಾತೊಗೆ ಕೊಡ್ಬೇಡಿ ಅಂದ್ರು, ನಾನು ನಕಾತೊಗೆ ಕೊಟ್ಟಿಲ್ಲ. ಅವಳಿಗಳಿಗೆ ಕೊಟ್ಟೆ!'"

ರೆಸ್ತಿ ನಕ್ಕಳು. ಎಷ್ಟು ತಿಂಗಳಾಗಿತ್ತೋ ಹೀಗೆ ನಕ್ಕು... ನಗುತ್ತಲೇ ಕಣ್ಣು ಒದ್ದೆಯಾಯಿತು.

ಛೇ, ತಾನೂ ಅದೇ ನಾಡಿನವಳಲ್ಲವೇ! ಅವಳಿಗಳಲ್ಲಿ ಒಬ್ಬಳ ಬಾಯಿಗೆ ಬಿದ್ದದ್ದು ಇನ್ನೊಬ್ಬಳ ಬಾಯಿಗೂ ಬೀಳುತ್ತದೆ ಎಂಬುದು ಹೊಳೆಯಬೇಡವೇ?

"ಎಲ್ಲರ ಮುಂದೆ ನಿಮ್ಮ ಮರ್ಯಾದೆ ತೆಗೆದೆ. ತಪ್ಪಾಯ್ತು, ಸಾಲೊಂಗೊ."

"ಅದಿರ್ಲಿ. ಊಟ ಮಾಡಿದ್ರಾ?" ಆತ ಪೊಟ್ಟಣ ಬಿಚ್ಚಿದ. ಮೊಟ್ಟೆ ಸುತ್ತಿದ ಬಿಸಿ ಚಪಾತಿ. "ತಿನ್ನಿ. ಕಣ್ಣೆಲ್ಲಾ ಒಳಗೆ ಹೋಗಿವೆ."

ಅವಳು ಊಟ ಮಾಡಿದಳೋ ಇಲ್ಲವೋ ಎಂದು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತು! ಎರಡು ತುತ್ತು ತಿಂದಳು. ಎದುರು ಕೂತವನ ಕಣ್ಣಲ್ಲಿ ಏನೋ ಇತ್ತು. ಅವಳ ಎದೆಯಲ್ಲೂ ಏನೋ ಮಿಸುಕಿತು.

"ಮುಸಾವೊ... ಒಂದು ಕೇಳ್ಲಾ? ನಿಮ್ಮ ಬೆಡಗು ಯಾವುದು?"

ಅವಳು ಚಪಾತಿ ಕೆಳಗಿಟ್ಟಳು.

ಆ ಊರಲ್ಲಿ ಗಂಡಸು ಹೆಣ್ಣಿನ ಬೆಡಗು, ಅಂದರೆ ಪ್ರಾಣಿಯ ಹೆಸರು ಹೊತ್ತ ಕುಲ, ಸುಮ್ಮನೆ ಕೇಳುವುದಿಲ್ಲ. ಇಬ್ಬರದೂ ಒಂದೇ ಬೆಡಗಾದರೆ ಅಣ್ಣ ತಂಗಿ. ಬೇರೆಯಾದರೆ ಮಾತು ಮುಂದುವರಿಯಬಹುದು. ಕೇಳಿದನೆಂದರೆ ಮನಸ್ಸಿನಲ್ಲಿ ಮದುವೆಯಿದೆ ಎಂದೇ ಲೆಕ್ಕ.

ಆದರೆ ಈತ ಸಾಲೊಂಗೊ! ಅವಳಿಗಳ ಅಪ್ಪನಿಗೆ ಊರು ಕೊಡುವ ಬಿರುದು ಅದು. ಅವಳಿಗಳ ಅಮ್ಮ ನಾಲೊಂಗೊ. ಮನೆಯಲ್ಲಿ ನಾಲೊಂಗೊ ಇಟ್ಟುಕೊಂಡು ಇಲ್ಲಿ ಬೆಡಗು ಕೇಳುತ್ತಾನಲ್ಲ!

'ಮತ್ತೆ ಅದೇ... ನನ್ನ ಹಣೆಬರಹವೇ ಇಷ್ಟಾ?'

ಪೊಟ್ಟಣವನ್ನು ಅವನ ಕಡೆ ತಳ್ಳಿದಳು. "ಮೊದಲು ನಾಲೊಂಗೊನ ಕೇಳ್ಕೊಂಡು ಬನ್ನಿ. ಆಮೇಲೆ ಹೇಳ್ತೀನಿ!"

ಆತ ಕಣ್ಣು ಕಣ್ಣು ಬಿಟ್ಟ. "ನಾಲೊಂಗೊನಾ? ...ಸರಿ," ಎಂದು ಎದ್ದು ಹೋದ.

ಸರಿಯಂತೆ! ಸಿಟ್ಟು ಅವನ ಮೇಲೋ, ಆ ಎರಡು ತುತ್ತಿಗೆ ಕರಗಿದ ತನ್ನ ಮೇಲೋ ತಿಳಿಯಲಿಲ್ಲ. ಮುಂದಿನ ಸಲ ಈ ಮಗುವನ್ನು ಬೇರೆ ದಾದಿಗೆ ಒಪ್ಪಿಸಿಬಿಡಬೇಕು ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೇ ಅಳು ಬಂತು.

ಹತ್ತು ದಿನದ ನಂತರ ಅವರು ಬಂದರು. ಆತ, ಜಾಜಾ, ಇಬ್ಬರು ಹುಡುಗಿಯರು. ಬೇರೆ ದಾದಿ ಅವತ್ತೇ ರಜೆ ಹಾಕಿದ್ದಳು.

ರೆಸ್ತಿ ಆತನ ಮುಖ ನೋಡದೆ ಕೆಲಸಕ್ಕಿಳಿದಳು. ನಕಾತೊಳ ಕೈಗೆ ಹನಿ ಹಾಕಿ ಚುಚ್ಚಿದಳು. ಬಬಿರ್ಯೆಯ ತುಟಿ ನಡುಗತೊಡಗಿದ್ದು ಕಂಡಿತು. ಪೆನ್ನು ತೆಗೆದು ಅವಳ ಕೈ ಮೇಲೂ ಏಳು ಗುರುತು ಬರೆದಳು.

"ನಿಂಗೂ ಅಷ್ಟೇ, ಸಮಾನ ಆಯ್ತಾ?"

"ಹ್ಞೂಂ!"

ಜಾಜಾ ಮೆಚ್ಚುಗೆಯಿಂದ ನಾಲಿಗೆ ಲೊಚಗುಟ್ಟಿದಳು. "ಈ ಹುಡುಗಿಗೆ ಬುದ್ಧಿ ಇದೆ ಕಣೋ."

ಹದಿನೈದು ನಿಮಿಷಕ್ಕೆ ಉತ್ತರ ಎದ್ದು ಬಂತು. ಈ ಸಲ ಕೊನೆಯ ಹನಿಯ ಜೊತೆಗೆ ಜಿರಳೆಯ ಜಾಗವೂ ಕೆಂಪಗೆ ಉಬ್ಬಿತ್ತು. ಧೂಳಿನ ಹುಳದ್ದು ಅದಕ್ಕಿಂತ ದೊಡ್ಡದು.

"ಮಗು ಎಲ್ಲಿ ಮಲಗುತ್ತೆ?"

"ಹಳೇ ಸೋಫಾದಿಂದ ಕಿತ್ತ ಸ್ಪಂಜಲ್ಲಿ ನಾನೇ ಮೆತ್ತೆ ಹೊಲಿದುಕೊಟ್ಟಿದ್ದೆ," ಆತನ ದನಿ ಇಳಿಯಿತು. "ಅಂದ್ರೆ... ನನ್ನಿಂದ್ಲೇನಾ ಅವಳಿಗೆ ಉಸಿರು ಕಟ್ಟಿದ್ದು?"

ಆ ಮುಖ ನೋಡಿ ರೆಸ್ತಿಯ ಸಿಟ್ಟು ಅರ್ಧ ಇಳಿಯಿತು. "ಪ್ರೀತಿಯಿಂದ ಹೊಲಿದಿದ್ದೀರಿ, ಗೊತ್ತಿರಲಿಲ್ಲ. ಮೆತ್ತೆ ಬದಲಾಯಿಸಿ. ಜಿರಳೆಗೆ ದಾರಿ ಮುಚ್ಚಿ. ಸುಧಾರಿಸ್ತಾಳೆ."

ಆತ ಉಸಿರು ಬಿಟ್ಟ. ತಡವರಿಸಿ ಹೇಳಿದ, "ಮುಸಾವೊ... ನಾಲೊಂಗೊನ ಕೇಳ್ದೆ."

ಅವಳ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

"ಫೋನ್ ಮಾಡಿ ಕೇಳ್ದೆ. ಅರ್ಧ ಗಂಟೆ ನಕ್ಕಳು. ಆಮೇಲೆ ಒಪ್ಕೊಂಡ್ಲು."

"ಒಪ್ಕೊಂಡ್ಲಾ?!" ರೆಸ್ತಿ ಥಟ್ಟನೆ ಅವನ ಕಡೆ ತಿರುಗಿದಳು. "ಎಂಥ ಹೆಂಗಸ್ರೀ ಅವಳು! ಸವತಿ ಬರ್ತಾಳೆ ಅಂದ್ರೆ ನಗ್ತಾಳಾ?"

ಜಾಜಾ ಮಗನನ್ನೂ ರೆಸ್ತಿಯನ್ನೂ ಸರದಿಯಂತೆ ನೋಡಿದಳು.

"ಯಾವ ಸವತಿ, ತಾಯೀ? ಮೈದುನನಿಗೆ ಹೆಂಡ್ತಿ ಬಂದ್ರೆ ಅತ್ತಿಗೆಗೇನು ನಷ್ಟ?"

"...ಮೈದುನ?"

"ಮಕ್ಕಳ ಹೆತ್ತವರು ಗಡಿಯಾಚೆ ಜೂಬಾದಲ್ಲಿ ಹೋಟೆಲ್ ಇಟ್ಟಿದ್ದಾರೆ. ಇವನು ಚಿಕ್ಕಪ್ಪ. ಅವಳಿಗಳ ಶಾಸ್ತ್ರದಲ್ಲಿ ಅಣ್ಣನ ಪಕ್ಕ ನಿಂತಿದ್ದ, ಅದಕ್ಕೆ ಚಿಕ್ಕ ಸಾಲೊಂಗೊ. ಊರವರು 'ಚಿಕ್ಕ' ನುಂಗಿಬಿಟ್ರು. ಅಪ್ಪನ ತಮ್ಮನೂ ಅಪ್ಪನೇ ಅಲ್ವಾ ನಮ್ಮಲ್ಲಿ?"

ರೆಸ್ತಿ ಕುರ್ಚಿಯ ಮೇಲೆ ಕುಸಿದಳು. ನಗಬೇಕೋ ಅಳಬೇಕೋ... ಎರಡೂ ಒಟ್ಟಿಗೇ ಬಂತು!

"ನಾನು ತಿಳ್ಕೊಂಡಿದ್ದೆ... ನನಗೆ ಮೊದಲೊಮ್ಮೆ ಹೀಗೇ ಮೋಸ ಆಗಿದೆ. ಯಾರನ್ನಾದ್ರೂ ನಂಬೋದಕ್ಕೇ ಸುಸ್ತು ನಂಗೆ."

"ಹಾಗಾದ್ರೆ ಈಗ್ಲೇ ನಂಬಬೇಡಿ," ಎಂದ ಆತ. "ಬೆಡಗೊಂದು ಹೇಳಿ ಸಾಕು. ಹತ್ತು ದಿನದಿಂದ ನಿದ್ದೆ ಇಲ್ಲ... ನಿಮ್ಮದೂ ನಮ್ಮದೇ ಆಗಿಬಿಟ್ರೆ ಅಂತ."

ಅವಳು ಅದನ್ನು ಯೋಚಿಸಿಯೇ ಇರಲಿಲ್ಲ! ಒಂದೇ ಬೆಡಗಾದರೆ ಇಲ್ಲಿಗೇ ಮುಗಿಯಿತು.

"ಮೊದಲು ನಿಮ್ಮ ಹೆಸರು ಹೇಳಿ. ನಿಜವಾದ ಹೆಸರು."

"ಮುಬಿರು. ಕೆಸರುಮೀನಿನ ಬೆಡಗು."

ಅವಳು ಕಣ್ಣು ಮುಚ್ಚಿದಳು. ತುಂಬಾ ದಿನಗಳ ನಂತರ ಎದೆ ತುಂಬ ಉಸಿರೆಳೆದುಕೊಂಡಳು.

"ನಂದು ಪುನುಗು ಬೆಕ್ಕಿನ ಬೆಡಗು, ಮುಬಿರು."

ಜಾಜಾ ಹಾಕಿದ ಕೇಕೆಗೆ ಬಾಗಿಲಾಚೆಯ ಮಗುವೊಂದು ಬೆಚ್ಚಿ ಅತ್ತಿತು. ಅವಳಿಗಳಿಗೆ ಏನೂ ಅರ್ಥವಾಗದಿದ್ದರೂ ಇಬ್ಬರೂ ಸಮಾನವಾಗಿ ಕುಣಿದರು.

ರೆಸ್ತಿ ಕಣ್ಣೊರೆಸಿಕೊಂಡು ಎದ್ದಳು. "ಹೊರಗೆ ಇನ್ನೂ ಐದು ಮಕ್ಕಳು ಕಾಯ್ತಿದ್ದಾರೆ."

"ಕರೀರಿ. ನಾನೂ ಬೆಂಚಲ್ಲಿ ಕೂತಿರ್ತೀನಿ."

"ಮುಗಿಯೋದು ಸಂಜೆಯಾಗುತ್ತೆ."

"ಆಗ್ಲಿ."

"ಆಗ ನಂಗೆ ಮಾತಾಡೋ ಶಕ್ತಿನೂ ಇರಲ್ಲ."

"ಮಾತಾಡಬೇಡಿ. ಜೊತೆಯಲ್ಲಿ ನಡೀರಿ, ಸಾಕು."