ಡ್ಯಾವೆನ್‌ಪೋರ್ಟ್‌ನ ಆ ಶುಕ್ರವಾರ

ಪರದೆಯ ಹಿಂದೆ ನಿಂತಿದ್ದ ವಸುಧಾಳಿಗೆ ಸಿಟ್ಟು ನೆತ್ತಿಗೇರಿತ್ತು.

2008ರ ನವೆಂಬರ್. ಇಲಿನಾಯ್ ರಾಜ್ಯದ ಇಟಾಸ್ಕಾದ ಹೋಟೆಲೊಂದರಲ್ಲಿ ಕನ್ನಡ ಸಂಘದ ರಾಜ್ಯೋತ್ಸವ. ನಿರೂಪಣೆ ಬರೆದುಕೊಟ್ಟವಳು ಮೈಸೂರಿನ ವಸುಧಾ, ಬೋಲಿಂಗ್‌ಬ್ರೂಕ್‌ನಲ್ಲಿ ಫಾರ್ಮಸಿಸ್ಟ್. ಅದನ್ನು ಓದಬೇಕಾಗಿದ್ದವಳು ಡೆಟ್ರಾಯಿಟ್ ಬಳಿಯ ಟ್ರಾಯ್‌ನಿಂದ ಬಂದಿದ್ದ ಧಾರವಾಡದ ಐಶ್ವರ್ಯ. ಕಾರಿನ ಸೀಟು ವಿನ್ಯಾಸ ಮಾಡುವ ಎಂಜಿನಿಯರ್. ಆದರೆ ಅವಳು ಕಾಗದ ಮಡಚಿಟ್ಟು, "ಬರ್ರಿ, ಕುಂದರ್ರಿ, ಊಟ ಆಮ್ಯಾಲ ಐತಿ" ಎಂದು ತನ್ನದೇ ಧಾಟಿಯಲ್ಲಿ ಶುರು ಮಾಡಿಬಿಟ್ಟಳು. ಸಭೆ ನಕ್ಕು ಚಪ್ಪಾಳೆ ತಟ್ಟಿತು.

ಅವಳು ಒಳಗೆ ಬಂದೊಡನೆ ವಸುಧಾ ಅಡ್ಡ ನಿಂತಳು. "ಸ್ಕ್ರಿಪ್ಟ್ ಯಾಕ್ರೀ ಬದಲಾಯಿಸಿದ್ರಿ?"

"ನಾ ಎಲ್ಲಿ ಬದಲಿ ಮಾಡಿದೆರಿ? ನಮ್ಮ ಮಾತು ನೀವು ಬದಲಿ ಮಾಡಿದ್ರಿ. ನಾ ಸರಿ ಮಾಡಿದೆ."

ವಸುಧಾಳ ಸಿಟ್ಟು ಅಲ್ಲಿಗೇ ಇಳಿಯಿತು. ಎದುರಿಗಿದ್ದ ಕಣ್ಣುಗಳಲ್ಲಿ ಜಗಳವಿರಲಿಲ್ಲ, ನಗುವಿತ್ತು. 'ಇದೇನಾಯ್ತು ನಂಗೆ…' ಎಂದುಕೊಂಡಳು.

ಮರುವಾರ ಕ್ಷಮೆ ಕೇಳಲು ಫೋನ್ ಮಾಡಿದಳು. ಮಾತು ಎರಡು ಗಂಟೆ ನಡೆಯಿತು.

ಆಮೇಲಿನ ಶನಿವಾರಗಳನ್ನು ವಸುಧಾ ಇಂದಿಗೂ ಮರೆತಿಲ್ಲ. ಇಬ್ಬರ ಮನೆಗಳ ನಡುವೆ ಮುನ್ನೂರು ಮೈಲಿ. ಅವಳು ಅಲ್ಲಿಂದ, ಇವಳು ಇಲ್ಲಿಂದ ಡ್ರೈವ್ ಮಾಡಿಕೊಂಡು ಬಂದು ನಡುದಾರಿಯ ಕಲಮಜೂ ಊರಿನ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದರು. ಹೊರಗೆ ಮೈನಸ್ ಹತ್ತು ಡಿಗ್ರಿ ಚಳಿ, ಒಳಗೆ ಕಿಟಕಿಯ ಪಕ್ಕದ ಮೇಜು. ಧಾರವಾಡದ ಅವ್ವನ ಬಗ್ಗೆ, ಮೈಸೂರಿನ ಅಪ್ಪ ಬದರೀನಾಥರ ಬಗ್ಗೆ ಹೇಳಿದ್ದೂ ಹೇಳಿದ್ದೇ. ಫೆಬ್ರವರಿಯ ಒಂದು ಶನಿವಾರ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದಾಗ ಐಶ್ವರ್ಯ ಇವಳ ಕೈ ಹಿಡಿದುಕೊಂಡಳು. ಬಿಡಲಿಲ್ಲ.

ಮಾರ್ಚ್‌ನಲ್ಲಿ ಐಶ್ವರ್ಯ ಬರುವುದು ನಿಂತಿತು. ಒಂದು ವಾರ ಜ್ವರ ಎಂದಳು, ಮರುವಾರ ಕೆಲಸ ಎಂದಳು. ಆಮೇಲೆ ಫೋನನ್ನೇ ಎತ್ತಲಿಲ್ಲ.

ಕನ್ನಡ ಸಂಘದ ಸರೋಜ ಆಂಟಿ ಸಿಕ್ಕಾಗ ಕೇಳದೆಯೇ ಸುದ್ದಿ ಕೊಟ್ಟರು: ಐಶ್ವರ್ಯಳ ತಾಯಿ ಬಂದಿದ್ದಾರೆ, ಹುಬ್ಬಳ್ಳಿಯಲ್ಲಿ ಹುಡುಗ ಗೊತ್ತಾದ ಹಾಗಿದೆ.

ಮಂಜು ಕರಗುತ್ತಿದ್ದ ಪಾರ್ಕಿಂಗ್ ಲಾಟಿನಲ್ಲಿ ಕೂತು ವಸುಧಾ ಎರಡೇ ಪದಗಳ ಮೆಸೇಜ್ ಕಳಿಸಿದಳು. 'ನಿಂಗೆ ಒಳ್ಳೇದಾಗಲಿ.'

ಉತ್ತರ ಬರಲಿಲ್ಲ.

ಏಪ್ರಿಲ್ ಮೂರರಂದು, ಊಟದ ಬಿಡುವಿನಲ್ಲಿ ರೇಡಿಯೋ ಒಂದು ಸುದ್ದಿ ಹೇಳಿತು. ಪಕ್ಕದ ರಾಜ್ಯ ಅಯೋವಾದ ಸರ್ವೋಚ್ಚ ನ್ಯಾಯಾಲಯದ ತೀರ್ಪು: ಇನ್ನು ಅಲ್ಲಿ ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಕಾನೂನಿನಂತೆಯೇ ಮದುವೆಯಾಗಬಹುದು. ಜೊತೆ ಕೆಲಸದ ಲೀನಾ ಇವಳ ಮುಖವನ್ನೇ ನೋಡಿ, ಯಾರಿಗೆ ಫೋನ್ ಮಾಡಬೇಕೋ ಮಾಡು ಎಂದಳು.

ವಸುಧಾ ಫೋನ್ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಕಾರು ಹತ್ತಿದಳು. ಕಲಮಜೂ ಎಕ್ಸಿಟ್ ಬಂತು. ನಿಲ್ಲಿಸದೆ ಮುಂದೆ ಹೋದಳು.

ಟ್ರಾಯ್‌ನಲ್ಲಿ ಬಾಗಿಲು ತೆರೆದವರು ಐಶ್ವರ್ಯಳ ತಾಯಿ ಕಮಲವ್ವ. ಒಳಗೆ ಆಫೀಸಿನಿಂದ ತಂದ ರಟ್ಟಿನ ಡಬ್ಬಿಗಳ ನಡುವೆ, ಸೊರಗಿದ ಮುಖದ ಐಶ್ವರ್ಯ.

"ಹುಬ್ಬಳ್ಳಿಲಿ ಹುಡುಗ ಗೊತ್ತಾಗಿದಾನಂತಲ್ಲ?" ವಸುಧಾ ಬಾಗಿಲಲ್ಲೇ ನಿಂತು ಕೇಳಿದಳು.

"ಯಾವ ಹುಡುಗ? ನನ್ನ ನೌಕರಿ ಹೋತು, ವಸು. ನಮ್ಮ ಫ್ಲೋರ್‌ನ್ಯಾಗ ಅರ್ಧಕ್ಕರ್ಧ ಮಂದೀನ ತಗದ್ರು. ಹೇಳಾಕ ನಾಚಿಕಿ ಆತು. ಆಮ್ಯಾಲ ನಿನ್ನ ಮೆಸೇಜ್ ನೋಡಿ, ನಿನಗ ಅದು ತಿಳದು ಕೈ ಬಿಟ್ಟಿ ಅಂದ್ಕೊಂಡೆ…"

ವಸುಧಾಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು.

"ಅಯೋವಾದಲ್ಲಿ ಆಗಬಹುದಂತೆ. ನನ್ನ ಮದುವೆ ಆಗ್ತೀಯಾ, ಐಶೂ?"

ಐಶ್ವರ್ಯ ಮುಖ ಮುಚ್ಚಿಕೊಂಡು ಹೂಂ ಎಂದು ತಲೆಯಾಡಿಸಿದಳು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಕಮಲವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಂದು ಇಬ್ಬರಿಗೂ ರೊಟ್ಟಿ ಬಡಿಸಿ ಒಳಗೆ ಹೋದರು. ವಾರದವರೆಗೂ ಮಗಳೊಡನೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಮೈಸೂರಿನಲ್ಲಂತೂ ವಸುಧಾಳ ಅಪ್ಪ ಬದರೀನಾಥರು ವಿಷಯ ಕೇಳಿ ಫೋನ್ ಇಟ್ಟವರು, ಮುಂದೆ ನಾಲ್ಕು ವರ್ಷ ಮಗಳ ದನಿ ಕೇಳಲಿಲ್ಲ.

ಅಯೋವಾದ ಅರ್ಜಿಗೆ ಇಬ್ಬರನ್ನೂ ಬಲ್ಲವರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕಿತ್ತು. ಲೀನಾಳನ್ನು ಕೇಳೋಣವೆಂದು ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದಾಗ ಕಮಲವ್ವ ಮಗಳ ಕೈಯಿಂದ ಫೋನ್ ತೆಗೆದುಕೊಂಡರು.

"ಆಕಿ ಯಾಕ? ನಾ ಹಾಕ್ತೀನಿ."

ಮತ್ತೆ ಅವರೇ ಮುಂದುವರಿಸಿದರು.

"ಹದಿನೈದು ದಿನ ನನ್ನ ಮಗಳು ಸರಿಯಾಗಿ ಉಂಡಿದ್ದಿಲ್ಲವ್ವಾ. ನೀ ಬಂದ ದಿನ ಎರಡು ರೊಟ್ಟಿ ಉಂಡ್ಳು. ಇದೆಲ್ಲ ನನಗ ತಿಳಿಯೂದಿಲ್ಲ… ಅದೊಂದು ತಿಳೀತು."

ಏಪ್ರಿಲ್ ಕೊನೆಯ ಸೋಮವಾರ, ಅರ್ಜಿ ಕೊಡಲು ಶುರು ಮಾಡಿದ ಮೊದಲ ದಿನವೇ, ಮೂವರೂ ಅಯೋವಾದ ಡ್ಯಾವೆನ್‌ಪೋರ್ಟ್‌ನ ಕೋರ್ಟಿನಲ್ಲಿ ಸಾಲಿನಲ್ಲಿ ನಿಂತಿದ್ದರು. ಮುಂದೆ ಇಬ್ಬರು ನರೆಗೂದಲಿನ ಗಂಡಸರು ಕೈಕೈ ಹಿಡಿದಿದ್ದರು. ಮೂವತ್ತು ವರ್ಷದ ಜೋಡಿಯಂತೆ. ಕಮಲವ್ವ ಅವರನ್ನು ತುಂಬ ಹೊತ್ತು ನೋಡಿದರು. ಬಳಿಕ ಅರ್ಜಿಯ ಕೆಳಗೆ ದೊಡ್ಡ ಅಕ್ಷರಗಳಲ್ಲಿ, ಕನ್ನಡದಲ್ಲಿ ಸಹಿ ಹಾಕಿದರು.

ಶುಕ್ರವಾರ ಮದುವೆ. ಲೀನಾ ಹೂಗುಚ್ಛ ತಂದಿದ್ದಳು. ಐಶ್ವರ್ಯ ಇಳಕಲ್ ಸೀರೆ, ವಸುಧಾ ಮೈಸೂರು ರೇಷ್ಮೆ. ಹನ್ನೊಂದು ನಿಮಿಷದಲ್ಲಿ ಎಲ್ಲ ಮುಗಿಯಿತು.

ಮರಳುವಾಗ ಮಿಸಿಸಿಪ್ಪಿಯ ದಡದಲ್ಲಿ, ಸೇತುವೆಗೆ ಮೊದಲೇ ವಸುಧಾ ಕಾರು ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿ ಕಮಲವ್ವನಿಗೆ ನಿದ್ದೆ ಹತ್ತಿತ್ತು. ಆಚೆ ದಡ ಇಲಿನಾಯ್. ಅಲ್ಲಿ ಈ ಮದುವೆ ಲೆಕ್ಕಕ್ಕಿಲ್ಲ. ಅಲ್ಲಿನ ಕಾನೂನು ಬದಲಾಗಲು ಇನ್ನೂ ಐದು ವರ್ಷವಿದೆ ಎಂಬುದು ಆಗ ಅವರಿಗೆ ಗೊತ್ತಿರಲಿಲ್ಲ.

"ನದಿ ದಾಟಿದ್ರೆ ನಾವು ಮತ್ತೆ ಬರೀ ಗೆಳತಿಯರು ಅಲ್ವಾ…"

"ಅವರ ಕಾಗದದಾಗ ಅಷ್ಟ."

"ಸ್ವಲ್ಪ ಹೊತ್ತು ಈ ದಡದಲ್ಲೇ ಇರೋಣ್ವಾ?"

ಐಶ್ವರ್ಯ ಕೈ ಚಾಚಿ ಕಾರಿನ ಕೀ ತಿರುಗಿಸಿ, ಎಂಜಿನ್ ಆರಿಸಿದಳು.

"ಇರೂಣು. ಅವಸರ ಏನೈತಿ."