ನೇರಳೆ ಬಟ್ಟೆಯ ಹಿಂದೆ

"ನೀನೇ ಒಡೆದಿದ್ದೀಯ! ಸುಳ್ಳು ಹೇಳ್ಬೇಡ!"

ಎಲ್ಲರೂ ಬಟಾಣಿ ಎಂದೇ ಕರೆಯುವ ಪುಟ್ಟ ಹುಡುಗಿ ಚರ್ಚಿನ ಬಾಗಿಲಿಗೆ ಅಡ್ಡ ನಿಂತಿದ್ದಳು. ಅಣ್ಣ ಏಣಿ ಹೊತ್ತುಕೊಂಡೇ ನಕ್ಕ. "ಏನನ್ನೇ ಒಡೆದೆ? ನಿನ್ನ ತಲೆನಾ? ದಾರಿ ಬಿಡು, ಭಾರ ಆಗ್ತಿದೆ" ಎಂದು ಶೆಡ್ಡಿನ ಕಡೆ ಹೋದ.

ನಕ್ಕನಲ್ಲ, ಅದಕ್ಕೇ ಡೌಟು ಜಾಸ್ತಿಯಾಯಿತು. ನಿನ್ನೆ ಸಂಜೆ ಅವನೂ ಚರ್ಚಿನ ಗಂಟೆ ಬಾರಿಸುವ ಅಜ್ಜನೂ ಬಾಗಿಲು ಹಾಕಿಕೊಂಡು ಒಳಗಿದ್ದರು. ಏನೋ ಢಣ್ ಎಂದು ಬಿದ್ದಿತ್ತು. ಇವತ್ತು ನೋಡಿದರೆ ಮಾತೆ ಮರಿಯಮ್ಮನ ಪ್ರತಿಮೆಗೆ ತಲೆಯಿಂದ ಕಾಲಿನವರೆಗೆ ನೇರಳೆ ಬಟ್ಟೆ! ಶಿಲುಬೆಗೂ ಬಟ್ಟೆ! ಒಂದನ್ನೇ ಮುಚ್ಚಿದರೆ ಸಿಕ್ಕಿಬೀಳುತ್ತೇವೆಂದು ಎಲ್ಲವನ್ನೂ ಮುಚ್ಚಿದ್ದಾರೆ. ಎಂಥಾ ಖದೀಮರು!

ಅವರು ಈ ಊರಿಗೆ ಬಂದು ಕೆಲವೇ ತಿಂಗಳಾಗಿತ್ತು. ಹಿಂದಿನ ಊರಿನ ಚರ್ಚಿನಲ್ಲಿ ಅವಳು ಇಂಥದ್ದನ್ನು ಕಂಡೇ ಇರಲಿಲ್ಲ.

ಹೋದ ತಿಂಗಳು ಅಣ್ಣ ಹೂದಾನಿ ಒಡೆದಿದ್ದ. "ಇನ್ನೊಂದು ಸಲ ಏನಾದ್ರೂ ಒಡೆದ್ರೆ ಈಸ್ಟರ್ ದಿನ ನೀನು ಮೇಣದಬತ್ತಿ ಹಿಡಿಯೋ ಹಾಗಿಲ್ಲ" ಎಂದು ಫಾದರ್ ಗದರಿದ್ದರು. ಈಗ ಅವರಿಗೆ ಹೇಳಿದರೆ ಅಣ್ಣನ ಚಾನ್ಸ್ ಹೋಗುತ್ತದೆ. ಹೇಳದಿದ್ದರೆ ಬಟಾಣಿಯ ಹೊಟ್ಟೆ ಉಬ್ಬುತ್ತದೆ.

ಮೊದಲು ಸಾಕ್ಷಿ ಬೇಕು. ಅವಳು ಪ್ರತಿಮೆಯ ಬಳಿ ಹೋಗಿ ಬಟ್ಟೆಯ ಅಂಚು ಎತ್ತಿದಳು. ಪಾದ ಸರಿಯಾಗಿದೆ. ಮೊಣಕಾಲಿನವರೆಗೂ ಬಿರುಕಿಲ್ಲ. ಹಾಗಾದರೆ ಮುಖವೇ ಹೋಗಿರಬೇಕು!

"ಏನು ಹುಡುಕ್ತಿದ್ದೀಯಮ್ಮ, ಪತ್ತೇದಾರಿ?"

ಹಿಂದೆ ಗಂಟೆ ಅಜ್ಜ ನಿಂತಿದ್ದ. ಬಟಾಣಿ ಬಟ್ಟೆಯ ಅಂಚು ಬಿಡದೆಯೇ ತಿರುಗಿದಳು.

"ಮರಿಯಮ್ಮನ ಮುಖ ಒಡೆದುಹೋಗಿದೆಯಾ, ಅಜ್ಜ?"

ಅಜ್ಜ ಬಿದ್ದು ಬಿದ್ದು ನಕ್ಕ. "ನಿನ್ನೆ ಬಿದ್ದಿದ್ದು ನನ್ನ ಬಕೆಟ್ಟು! ಈಸ್ಟರ್‌ಗೆ ಮುಂಚೆ ಇಲ್ಲಿ ಪ್ರತಿವರ್ಷ ಹೀಗೇ ಮುಚ್ತೀವಿ, ಹಬ್ಬಕ್ಕೆ ತೆಗೀತೀವಿ."

"ಚೆನ್ನಾಗಿರೋದನ್ನ ಯಾರಾದ್ರೂ ಮುಚ್ತಾರಾ?"

"ಪ್ರತಿ ಭಾನುವಾರ ಇದರ ಮುಂದೇ ಕೂತ್ಕೋತೀಯಲ್ಲ. ಹೇಳು ನೋಡೋಣ, ಮರಿಯಮ್ಮ ಮೇಲೆ ನೋಡ್ತಾಳೋ, ಕೆಳಗೋ?"

ಮೇಲೆ... ಅಲ್ಲ, ಕೆಳಗೆ... ಏನು ಮಾಡಿದರೂ ನೆನಪಾಗಲಿಲ್ಲ. ಬಟಾಣಿಗೆ ನಾಚಿಕೆಯಾಯಿತು.

"ಚಿಕ್ಕವನಿದ್ದಾಗ ನಂಗೂ ಗೊತ್ತಿರ್ಲಿಲ್ಲ" ಎಂದ ಅಜ್ಜ. "ಮುಚ್ಚಿದ ಮೇಲೇ ನೋಡ್ಬೇಕು ಅನ್ಸಿದ್ದು. ನಿಂಗೆ ಬೇಕಾದ್ರೆ ಈಗ್ಲೇ ಎತ್ತಿ ನೋಡು, ನಾನು ಬೈಯಲ್ಲ."

ಅಂಚು ಇನ್ನೂ ಅವಳ ಕೈಯಲ್ಲೇ ಇತ್ತು. ಒಮ್ಮೆ ಎಳೆದರೆ ಸಾಕು. ನೋಡುವ ಆಸೆ ಬಹಳವಿತ್ತು. ಆದರೂ ಮೆಲ್ಲಗೆ ಬಿಟ್ಟು, ಬಟ್ಟೆಯ ನೆರಿಗೆ ಸರಿಮಾಡಿದಳು.

"ಬೇಡ ಅಜ್ಜ. ಈಸ್ಟರ್ ದಿನವೇ ನೋಡ್ತೀನಿ."

ಅಷ್ಟರಲ್ಲಿ ಅಣ್ಣ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದ. ಬೆಳಗಿನಿಂದ ಅವಳು ಅವನ ಕೈ, ಜೇಬು, ಚೀಲ ಎಲ್ಲದರ ಮೇಲೂ ಕಣ್ಣಿಟ್ಟಿದ್ದಳು. ಮುಖವನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ. ಹುಬ್ಬಿನ ಮೇಲೆಲ್ಲ ಧೂಳು. ಪಾಪ, ತುಂಬಾ ಸುಸ್ತಾಗಿದ್ದ.

"ಏನೇ ಹಂಗೆ ನೋಡ್ತಿದ್ದೀಯ? ಇನ್ನೂ ಡೌಟಾ?"

"ಇಲ್ಲ ಕಣೋ" ಎಂದಳು ಬಟಾಣಿ. "ಸ್ವಲ್ಪ ಹೊತ್ತು ಅಲ್ಲೇ ನಿಲ್ಲು. ನೋಡ್ತಿದ್ದೀನಿ."