ಲೈಟ್ ನೋಡಲು ಬಂದವನು

"ಗಲ್ಲ ಸ್ವಲ್ಪ ಕೆಳಗಿಳಿಸಿ."

ಕುರ್ಚಿಯಲ್ಲಿ ಕೂತಿದ್ದವನು ಇಳಿಸಿದ.

"ಹುಬ್ಬು ಎತ್ತದೆ ನನ್ನ ಕಡೆ ನೋಡಿ."

ನೋಡಿದ. ಅವಳು ಒಂದು ಕ್ಷಣ ಮುಂದಿನ ಮಾತು ಮರೆತಳು.

ಮುಖದ ಸರ್ಜರಿ ಮಾಡುವ ಆ ಕ್ಲಿನಿಕ್ಕಿನಲ್ಲಿ, ಡಾಕ್ಟರ ಬಳಿ ಹೋಗುವ ಮುನ್ನ ಯಾರಿಗೆ ಏನೇನು ಮಾಡಿಸಬಹುದೆಂದು ವಿವರಿಸುವುದು ಅವಳ ಕೆಲಸ. ದಿನವೂ ಇಷ್ಟೇ ಹತ್ತಿರದಿಂದ ಮುಖಗಳನ್ನು ನೋಡುತ್ತಾಳೆ. ಆದರೆ ಇಷ್ಟು ನಂಬಿಕೆಯಿಂದ ಯಾರೂ ಅವಳನ್ನು ನೋಡಿರಲಿಲ್ಲ...

ಗಂಟಲು ಸರಿಮಾಡಿಕೊಂಡಳು.

"ಮೂಗಿನ ಮೂಳೆ ಎಡಕ್ಕೆ ವಾಲಿದೆ, ನೇರ ಮಾಡಬಹುದು. ಕಣ್ಣಿನ ಕೆಳಗೆ ಗುಳಿ ಬಿದ್ದಿದೆ, ಫಿಲ್ಲರ್ ಹಾಕಿದ್ರೆ ತುಂಬ್ಕೊಳ್ಳುತ್ತೆ. ಹಣೆಯ ಗೆರೆಗೆ ಇಂಜೆಕ್ಷನ್ ಇದೆ. ಆದ್ರೆ ಮೊದಲು ನೋಡ್ಬೇಕಾದ್ದು ಮೇಲಿನ ರೆಪ್ಪೆ. ಚರ್ಮ ಜೋತುಬಿದ್ದು ಕಣ್ಣಿಗೆ ಅಡ್ಡ ಬಂದಿದೆ. ಸಂಜೆ ಹೊತ್ತಿಗೆ ತಲೆನೋವು ಬರುತ್ತಾ?"

"ಬರುತ್ತೆ," ಎಂದ ಅವನು ಬೆರಗಾಗಿ. "ಗಲ್ಲದ ಬಗ್ಗೆ ಏನೂ ಹೇಳ್ಲಿಲ್ಲ ನೀವು."

"ಗಲ್ಲ ಚೆನ್ನಾಗಿದೆ."

"ಸದ್ಯ, ಒಂದಾದ್ರೂ ಉಳೀತು."

ಅವಳಿಗೆ ನಗು ಬಂತು. "ಸರಿ, ನೀವು ಮುಖ್ಯವಾಗಿ ಯಾವುದಕ್ಕೆ ಅಂತ ಬಂದ್ರಿ?"

ಅವನು ನೆತ್ತಿಯ ಮೇಲಕ್ಕೆ ಬೆರಳು ತೋರಿಸಿದ. "ಈ ಲೈಟಿಗೆ. ಮಿಣುಕ್ತಾ ಇದೆ ಅಂತ ಫೋನ್ ಬಂತು. ಕೂತು ನೋಡ್ತಿದ್ದೆ, ಅಷ್ಟರಲ್ಲಿ ನೀವು ಬಂದ್ರಿ."

ಎಲೆಕ್ಟ್ರೀಷಿಯನ್... ಅವಳ ಕಿವಿ ಬಿಸಿಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮೊದಲೇ ಹೇಳಬಾರ್ದಾ?"

"ಅಷ್ಟು ಕಾಳಜಿಯಿಂದ ಹೇಳ್ತಿದ್ರಿ. ಮಧ್ಯೆ ಬಾಯಿ ಹಾಕೋಕೆ ಮನಸ್ಸಾಗ್ಲಿಲ್ಲ."

ಅಂದು ಸಂಜೆ ಮನೆಯಲ್ಲಿ ಇದನ್ನು ಕೇಳಿದ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ದಾರೀಲಿ ಹೋಗೋರಿಗೆಲ್ಲ ಹೇಳ್ತೀಯ. ನನ್ನ ಕತ್ತು ಇಷ್ಟು ಜೋತಾಡ್ತಿದೆ, ಒಂದು ದಿನ ಏನಾದ್ರೂ ಅಂದಿದ್ದೀಯಾ?"

ಅವಳೂ ನಕ್ಕಳು. ಅತ್ತೆ ನಗು ನಿಲ್ಲಿಸಿ ಅವಳನ್ನೇ ನೋಡಿದರು. ಅತ್ತೆಯ ಮಗ, ಅವಳ ಗಂಡ, ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಇವರಿಬ್ಬರೇ. ನಗುವ ಶಬ್ದ ಇಬ್ಬರಿಗೂ ಹೊಸದಾಗಿ ಕೇಳಿಸಿತು.

ಆಮೇಲೆ ಕ್ಲಿನಿಕ್ಕಿನ ಲೈಟುಗಳಿಗೆ ಏನೋ ರೋಗ ಬಡಿದಂತಾಯಿತು. ಇವತ್ತು ಮೆಟ್ಟಿಲಿನದು, ನಾಳೆ ನೀರಿನ ಫಿಲ್ಟರಿನ ಮೇಲಿನದು. ಅವನು ಬಂದಾಗಲೆಲ್ಲ ಅವಳ ಬಾಗಿಲಲ್ಲಿ ನಿಂತು "ಗಲ್ಲ ಇನ್ನೂ ಚೆನ್ನಾಗಿದೆಯಾ ಮೇಡಂ?" ಎಂದು ಕೇಳಿ ಹೋಗುತ್ತಿದ್ದ. ಬಾರದ ದಿನ ಅವಳು ತಲೆಯೆತ್ತಿ ನೋಡುತ್ತಿದ್ದಳು. ಒಂದಾದರೂ ಕೆಡಬಾರದೇ ಇವು...

ಒಂದು ಬೆಳಿಗ್ಗೆ ಅವನು ರೋಗಿಗಳ ಸಾಲಿನಲ್ಲಿ ಕೂತಿದ್ದ. ಕೈಯಲ್ಲಿ ಸಾಮಾನಿನ ಚೀಲ ಇರಲಿಲ್ಲ.

"ರೆಪ್ಪೆ ಸರ್ಜರಿಗೆ ದಿನ ಕೇಳೋಣ ಅಂತ ಬಂದೆ."

ತಾನು ತಪ್ಪಿ ಆಡಿದ ಮಾತು ಇವನ ಮನಸ್ಸಿಗೆ ಇಷ್ಟು ನಾಟಿತೇ? ತನಗೆ ಹಿತವಾಗಿದ್ದ ಒಂದೇ ಒಂದು ಮುಖವನ್ನು ತಾನೇ ಕತ್ತರಿಗೆ ಕಳಿಸುತ್ತಿದ್ದೇನೆಯೇ?

"ಬೇಡ. ಇದೆಲ್ಲ ನಿಮಗಲ್ಲ. ಮನೆಗೆ ಹೋಗಿ."

ಮಾತು ಅವಳು ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಅವನ ಮುಖ ಸಪ್ಪಗಾಯಿತು.

"ಏಣಿ ಹತ್ತೋರು ಈ ಸಾಲಲ್ಲಿ ಕೂರಬಾರ್ದು ಅಂತ ಗೊತ್ತಿರ್ಲಿಲ್ಲ ಮೇಡಂ."

ಎದ್ದು ಹೋದ. ಅದಲ್ಲ, ಅದಲ್ಲ... ಅವಳು ಬಾಗಿಲಿಗೆ ಬರುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ಮುಂದಿನ ವಾರ ಲೈಟ್ ರಿಪೇರಿಗೆ ಬೇರೆ ಯಾರೋ ಬಂದರು. ಅವಳು ಮತ್ತೆ ಮೊದಲಿನಂತೆ ಅರ್ಧ ಊಟ ಬಿಟ್ಟು ಏಳತೊಡಗಿದಳು. ಅತ್ತೆ ತಟ್ಟೆಯನ್ನು ಅವಳತ್ತ ನೂಕಿದರು.

"ಅವನ ಅಂಗಡಿ ಎಲ್ಲಿದೆ ಅಂತ ಗೊತ್ತಲ್ವಾ? ಹೋಗಿ ಮಾತಾಡು. ನನ್ನ ಮುಖ ಏನು ನೋಡ್ತೀಯ? ನಾನು ಅಡ್ಡ ಬಂದ್ನಾ?"

ಅವಳು ಹೋದಾಗ ಅವನು ಅಂಗಡಿಯಲ್ಲಿ ಏಣಿಯ ಮೇಲಿದ್ದ. ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ಬೆರಳಲ್ಲಿ ತಡಕಾಡಿ ವೈರ್ ಹುಡುಕುತ್ತಿದ್ದ. ಅವಳು ಓಡಿಬಂದು ಏಣಿ ಹಿಡಿದಳು.

"ಮೊದಲು ಇಳೀರಿ."

ಇಳಿದ.

"ನಿಮ್ಮ ಯೋಗ್ಯತೆ ಬಗ್ಗೆ ಅಲ್ಲ ನಾನು ಹೇಳಿದ್ದು. ನಿಮ್ಮ ಮುಖ ನನಗಿಷ್ಟ. ನನ್ನ ಮಾತು ಕೇಳಿ ಅದನ್ನ ಕೊಯ್ಯಿಸ್ಕೋತೀರಾ ಅಂತ ಭಯ ಆಯ್ತು."

ಅವನು ವೈರ್ ಸುರುಳಿಯ ಮೇಲೆ ಕೂತುಬಿಟ್ಟ.

"ಚೆಂದಕ್ಕಲ್ಲ ಮೇಡಂ. ಮೇಲಿರೋದು ಕಾಣಲ್ಲ ನಂಗೆ. ತಲೆನೋವು, ಕತ್ತು ನೋವು ಅಂತ ವರ್ಷಗಟ್ಟಲೆ ಎಣ್ಣೆ ತಿಕ್ಕಿದೆ. ರೆಪ್ಪೆಯಿಂದ ಅಂತ ಹೇಳಿದ್ದು ನೀವೊಬ್ರೇ." ತಡೆದು ಕೇಳಿದ, "ಈಗ ಏನಂದ್ರಿ?"

"ಹಾಗಾದ್ರೆ ಮಾಡಿಸ್ಕೊಳ್ಳಿ ಅಂತಿದೀನಿ."

"ಅದಕ್ಕೆ ಮೊದಲು ಅಂದಿದ್ದು."

ಅವಳು ಬಾಗಿಲ ಕಡೆ ತಿರುಗಿದಳು. ಆದರೆ ಹೊರಡಲಿಲ್ಲ.

ಸರ್ಜರಿ ಸುಸೂತ್ರವಾಗಿ ಮುಗಿಯಿತು. ಒಬ್ಬನೇ ಇರುವವನು ಏನು ಮಾಡಿಕೊಂಡಾನು, ಇಲ್ಲಿಗೇ ಕರ್ಕೊಂಡು ಬಾ ಎಂದು ಅತ್ತೆಯೇ ಹಟ ಹಿಡಿದರು. ಮಾರನೆಯ ದಿನ ಅವನ ಕಣ್ಣುಗಳು ಊದಿ, ನೀಲಿಗಟ್ಟಿ, ಸೀಳಿನಷ್ಟೇ ತೆರೆದಿದ್ದವು. ಯಾರದೋ ಕೈಲಿ ಚೆನ್ನಾಗಿ ಒದೆ ತಿಂದವನಂತಿದ್ದ. ಅವಳು ತಣ್ಣನೆಯ ಬಟ್ಟೆ ಬದಲಾಯಿಸುತ್ತಿದ್ದಳು.

"ನನ್ನ ಮದುವೆ ಆಗ್ತೀರಾ?"

ಅವಳ ಕೈ ನಿಂತಿತು.

"ಈ ಮುಖ ಇಟ್ಕೊಂಡು ಕೇಳ್ತಿದೀರಾ?"

"ಇದಕ್ಕಿಂತ ಕೆಡೋಕೆ ಜಾಗ ಇಲ್ಲ. ಈಗ ಒಪ್ಕೊಂಡ್ರೆ ಮುಂದೆ ದಿನದಿನಕ್ಕೂ ಚೆನ್ನಾಗೇ ಕಾಣ್ತೀನಿ."

"ಅತ್ತೆ ನನ್ನ ಜೊತೆಗೇ ಇರ್ತಾರೆ."

"ಅವರನ್ನ ಕೇಳಿಯೇ ನಿಮ್ಮನ್ನ ಕೇಳ್ತಿರೋದು."

"ಏನಂದ್ರು?"

"ಕಣ್ಣು ಬಿಡೋಕಾಗದಿದ್ರೆ ಬಾಯಾದ್ರೂ ಬಿಡಪ್ಪಾ ಅಂದ್ರು."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಬಟ್ಟೆಯನ್ನು ಮತ್ತೆ ಅವನ ಕಣ್ಣಿನ ಮೇಲಿಟ್ಟು, ಕೈಯನ್ನು ಅಲ್ಲೇ ಬಿಟ್ಟಳು.

"ಹೂಂ."

ಅವನು ತಟ್ಟನೆ ಏಳಲು ಹೋದ. "ಏನಂದ್ರಿ?"

"ಹೂಂ ಅಂದೆ," ಎಂದಳು ಅವಳು. "ಅಲ್ಲಾಡಬೇಡಿ, ಹೊಲಿಗೆ ಇದೆ."